ಏಳು ಹಲಗೆಯ ದೋಣಿ

ಕ್ಯಾರಿಗ್‌ವಾನ್, ಕಾನಮಾರ
ಭಾನುವಾರ, ೧೧ ಸೆಪ್ಟೆಂಬರ್ ೧೯೯೪

ನನ್ನ ಮುದ್ದು ಲಸರೀನಾ,

ಡಬ್ಲಿನ್ ಪಟ್ಟಣದಲ್ಲಿರುವ ನಿನಗೂ ನಿನ್ನ ಅಮ್ಮನಿಗೂ ಈ ಪಡುವಣ ಕಡಲಂಚಿನಿಂದ ಸೋದರಮಾವ ಬಾರ್ಟ್ಲಿಯ ಆಶೀರ್ವಾದಗಳು. ಇಲ್ಲಿ ನಾನು, ಹಸು, ನಾಯಿ ಮೂವರೂ ಚೆನ್ನಾಗಿದ್ದೇವೆ. ಮೂವರಲ್ಲಿ ಚೆಲುವ ಯಾರೆಂದು ನೀನು ಎರಡು ವಾರ ಇದ್ದು ನೋಡಿದ್ದೀಯ, ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಶುಕ್ರವಾರದ ಅಂಚೆಯಲ್ಲಿ ನಿನ್ನ ಪೊಟ್ಟಣ ಬಂತು. ಹೊಸ ಕನ್ನಡಕ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ತೀರಿಹೋದ ನಿನ್ನ ಅತ್ತೆ ಡೆಲಿಯಾಳ ಕನ್ನಡಕದಲ್ಲೇ ಹದಿನೈದು ವರ್ಷ ಲೋಕ ನೋಡಿದವನು ನಾನು; ಈಗ ನೋಡಿದರೆ ಗೋಡೆಗೆ ಸುಣ್ಣ ಬೇಕಾಗಿದೆ, ನಾಯಿಗೆ ಸ್ನಾನ ಬೇಕಾಗಿದೆ. ಪೊಟ್ಟಣದ ಒಳಗೆ ನೀನು ಇಟ್ಟಿದ್ದ ಚೀಟಿಯನ್ನೂ ಓದಿದೆ. ಒಂದೇ ಸಾಲು. "ಇನ್ನು ಪುಸ್ತಕದ ಅಕ್ಷರ ಕಾಣಲ್ಲ ಅನ್ನೋ ಹಾಗಿಲ್ಲ ಮಾಮ." ನೀನು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಎಂಬುದನ್ನು, ಆ ನೆಪ ಹೇಳುವಾಗ ನಾನು ಮರೆಯಬಾರದಾಗಿತ್ತು. ನನ್ನ ಜೀವಮಾನದಲ್ಲಿ ಹೇಳಿದ ನೆಪಗಳಿಗೆ ಯಾರೂ ಇಷ್ಟು ಚೆಂದದ ಚೌಕಟ್ಟು ಹಾಕಿ ವಾಪಸು ಕಳಿಸಿರಲಿಲ್ಲ.

ಹಾಗಾಗಿ ಕೂತಿದ್ದೇನೆ. ಇವತ್ತು ಈ ಕಾಗದ ಮುಗಿಸದೆ ಏಳುವುದಿಲ್ಲ. ಹಸು ಕೂಗಿದರೂ ಏಳುವುದಿಲ್ಲ. ನಾನು ಆರನೆಯ ತರಗತಿಯವರೆಗೆ ಓದಿದವನು, ಅದರಲ್ಲೂ ಮೇಷ್ಟರು ಕೈಬರಹಕ್ಕೆ ನನ್ನನ್ನೇ ಎಲ್ಲರಿಗೂ ತೋರಿಸುತ್ತಿದ್ದರು (ಹೀಗೆ ಬರೆಯಬಾರದು ಎಂದು, ಇರಲಿ). ಇಂಗ್ಲಿಷಿನ ಒಂದು ಮಾತೂ ಹಾಕದೆ ನಮ್ಮ ಭಾಷೆಯಲ್ಲೇ ಬರೆಯುತ್ತೇನೆ. ನೀನೇ ಹಾಕಿದ ಕಟ್ಟಳೆ ಅದು.

ಆ ಕಟ್ಟಳೆ ನೆನಪಾದರೆ ನಮ್ಮೂರು ಇವತ್ತಿಗೂ ನಗುತ್ತದೆ. ನೀನು ಬಸ್ಸಿನಿಂದ ಇಳಿದಾಗ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ನಿನ್ನ ಕೊಡೆ ಒಳಹೊರಗಾಗಿತ್ತು. ಪಬ್ಬಿನ ಬಾಗಿಲಲ್ಲಿ ನಿಂತಿದ್ದ ಫೆಸ್ಟಿಗೆ ನೀನು ಕೈಜೋಡಿಸದಿದ್ದದ್ದೊಂದೇ ಕಡಿಮೆ. "ಮಾನ್ಯರೇ, ತಾವು ಸೌಖ್ಯದಿಂದಿರುವಿರಾ? ಇಂದಿನ ಹವಾಮಾನವು ಅತ್ಯಂತ ಆಹ್ಲಾದಕರವಾಗಿದೆ" ಅಂದೆ. ಅಷ್ಟು ಮರ್ಯಾದೆಯ ಮಾತು ಫೆಸ್ಟಿ ತನ್ನ ಮದುವೆಯ ದಿನವೂ ಕೇಳಿರಲಿಲ್ಲ. ಪಾಪ, ಪಟ್ಟಣದ ಹುಡುಗಿ ಕಷ್ಟಪಡುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಟೀ ಬೇಕಾ ಎಂದು ಕೇಳಿದ. ನಮ್ಮ ಜನದ ದೊಡ್ಡ ತಪ್ಪು ಅದು ಮಗಳೇ. ಹೊರಗಿನಿಂದ ಬಂದವರು ನಮ್ಮ ಭಾಷೆಯಲ್ಲಿ ಎರಡು ಹೆಜ್ಜೆ ಇಟ್ಟರೆ ಸಾಕು, ಎಡವಿಬಿಡುತ್ತಾರೆ ಎಂದು ಓಡಿಹೋಗಿ ಇಂಗ್ಲಿಷಿನಲ್ಲಿ ಎತ್ತಿಕೊಂಡುಬಿಡುತ್ತೇವೆ. ಹಾಗೆ ಎತ್ತಿಕೊಂಡೇ ಎಷ್ಟೋ ಮಂದಿಯನ್ನು ನಡೆಯದ ಹಾಗೆ ಮಾಡಿದ್ದೇವೆ.

ನೀನು ಎತ್ತಿಕೊಳ್ಳಲು ಬಿಡಲಿಲ್ಲ. ಕಿವಿ ಕೇಳದವಳ ಹಾಗೆ ಸುಮ್ಮನೆ ಕೂತೆ. ಫೆಸ್ಟಿ ಮೂರು ಸಲ ಇಂಗ್ಲಿಷಿನಲ್ಲಿ ಕೇಳಿದ, ಮೂರು ಸಲವೂ ನೀನು ಕಿಟಕಿಯ ಹೊರಗೆ ನೋಡಿದೆ. ಒದ್ದೆ ಬಟ್ಟೆಯಲ್ಲಿ ಅರ್ಧ ಗಂಟೆ ಬಾಯಾರಿ ಕೂತವಳನ್ನು ನೋಡಲಾರದೆ ಕೊನೆಗೆ ಅವನೇ ಸೋತು, "ಟೀ ಕುಡೀತೀಯೇನವ್ವಾ?" ಎಂದು ನಮ್ಮ ಮಾತಲ್ಲಿ ಕೇಳಿದ. "ಅಗತ್ಯವಾಗಿ ಸೇವಿಸುವೆನು" ಅಂದೆ. ಅಲ್ಲಿಂದಾಚೆಗೆ ಊರಿನಲ್ಲಿ ನಿನಗೆ ಸೇವಿಸುವೆನಮ್ಮ ಎಂದೇ ಹೆಸರು. ನಿನಗೆ ಯಾರೂ ಹೇಳಿರಲಿಲ್ಲ, ನಾನು ಹೇಳುತ್ತಿದ್ದೇನೆ. ಹೆಸರಿಟ್ಟದ್ದು ಯಾರು ಎಂದು ಮಾತ್ರ ಕೇಳಬೇಡ.

ನೀನು ಬಂದದ್ದು ಏತಕ್ಕೆ ಎನ್ನುವುದನ್ನು ಬಸ್ ಸ್ಟಾಪಿನಿಂದ ಮನೆಗೆ ಬರುವ ದಾರಿಯಲ್ಲೇ ಹೇಳಿದೆ. ಡಬ್ಲಿನ್ನಿನಲ್ಲಿ ನೀನು ಸಂಜೆ ಭಾಷೆಯ ಪಾಠಕ್ಕೆ ಹೋಗುತ್ತಿದ್ದೆ. ಅಲ್ಲಿಯ ಮೇಷ್ಟರು ಹಳೆಯ ಧ್ವನಿಗಳನ್ನು ಕಾಪಾಡಿಟ್ಟಿರುವ ಕಡೆಯಿಂದ ಒಂದು ಟೇಪು ತಂದು ಕೇಳಿಸಿದರು. ಸಾವಿರದ ಒಂಬೈನೂರ ಐವತ್ತೈದರದು. "ಏಳು ಹಲಗೆಯ ದೋಣಿ. ಹಾಡಿದವನು ಕ್ಯಾರಿಗ್‌ವಾನಿನ ಬಾರ್ಟ್ಲಿ, ವಯಸ್ಸು ಹನ್ನೆರಡು." ಇದು ನನ್ನ ಮಾವನೇ ಎಂದು ನೀನು ಕುರ್ಚಿಯಿಂದ ಎದ್ದು ನಿಂತೆಯಂತೆ. ಗಂಡ ಕಡಲಿಗೆ ಹೋದ ಮೇಲೆ ಒಡೆದ ದೋಣಿಯನ್ನು ಹೆಂಗಸೊಬ್ಬಳು ತಾನೇ ಹಲಗೆ ಹಲಗೆಯಾಗಿ ಕಟ್ಟುವ ಹಾಡು, ಹಲಗೆಗೊಂದು ನುಡಿ, ನಮ್ಮ ಅಜ್ಜಿಯ ಬಾಯಿಂದ ಬಂದದ್ದು, ನಮ್ಮ ಮನೆ ಬಿಟ್ಟರೆ ಎಲ್ಲೂ ಇಲ್ಲದ್ದು. ಟೇಪಿನಲ್ಲಿ ಐದೇ ನುಡಿ. ಐದನೆಯದು ಮುಗಿಯುತ್ತಿದ್ದಂತೆ ಟೇಪು ನಿಲ್ಲುತ್ತದೆ. ಉಳಿದ ಎರಡನ್ನು ನನ್ನ ಬಾಯಿಂದ ಕಲಿಯದೆ ಹೋಗುವುದಿಲ್ಲ ಅಂದೆ. ಐದು ಹಲಗೆಯ ದೋಣಿಯಲ್ಲಿ ಯಾರು ತಾನೇ ದಡ ಮುಟ್ಟುತ್ತಾರೆ ಎಂದೂ ಕೇಳಿದೆ. ಆ ಮಾತನ್ನು ನಿನ್ನ ಮುರುಕು ಗ್ರಂಥಭಾಷೆಯಲ್ಲೇ ಕೇಳಿದೆ, ನಾನು ಮಳೆಯ ಮಾತೆತ್ತಿದೆ.

ಅಮ್ಮನಿಗೂ ಆ ಟೇಪು ಕೇಳಿಸಿದೆಯಾ ಎಂದು ನಾನು ಕೇಳಿದೆ, ನೆನಪಿದೆಯಾ? ಕೇಳಿಸಿದೆ, ಮೊದಲನೆಯ ನುಡಿ ಮುಗಿಯುವ ಮೊದಲೇ ಅಮ್ಮ ಎದ್ದು ಕೆಟ್ಲಿಗೆ ನೀರು ತುಂಬಿಸಲು ಹೋದಳು ಎಂದೆ ನೀನು. ಅದೇ ರಾತ್ರಿ ಊಟದ ಮೇಜಿನ ಮೇಲೆ ನಿನ್ನ ಪುಟ್ಟ ಟೇಪ್ ರೆಕಾರ್ಡರ್ ಇಟ್ಟು ನನಗೂ ಕೇಳಿಸಿದೆ. ಮೂರನೆಯ ನುಡಿ ಮುಗಿದ ಮೇಲೆ ಇನ್ನೊಂದು ಎಳೆಯ ದನಿ ಮೆಲ್ಲಗೆ, "ದೇವರು ನಿನ್ನ ಜೊತೆ" ಅನ್ನುತ್ತದೆ. ಅದು ಯಾರದು ಎಂದು ನೀನು ಕೇಳಿದೆ. ನಿನ್ನ ಅಮ್ಮ ಬಾರ್ಬ್ರಳದು, ನಾನು ಹಾಡುವಾಗ ನನ್ನ ಕೈ ಹಿಡಿದು ಕೂತಿದ್ದಳು ಅಂದೆ ನಾನು. ನೀನು ಆ ಮೂರು ಮಾತನ್ನು ಹಿಂದೆ ತಿರುಗಿಸಿ ತಿರುಗಿಸಿ ಕೇಳಿದೆ. ಹದಿನೇಳು ಸಲ. ನಾನು ಎಣಿಸಿದೆ. ಅಮ್ಮ ನಮ್ಮ ಭಾಷೆಯಲ್ಲಿ ಮಾತಾಡಿದ್ದನ್ನು ಮೊದಲನೆಯ ಸಲ ಕೇಳುತ್ತಿದ್ದೇನೆ ಎಂದು ಕಣ್ಣು ಒರೆಸಿಕೊಂಡೆ. ನಾನು ಕೋಳಿಗೂಡಿನ ಬಾಗಿಲು ಹಾಕಿದೆಯಾ ನೋಡಿ ಬರುತ್ತೇನೆ ಎಂದು ಹೊರಗೆ ಹೋದೆ.

ಆಮೇಲೆ ನಿನ್ನ ಮಾವ ನಿನ್ನಿಂದ ಎಷ್ಟು ಕೆಲಸ ತೆಗೆದ ಎನ್ನುವುದನ್ನು ನೀನೇ ಬಲ್ಲೆ. ಜೌಗುನೆಲದಲ್ಲಿ ಕಡಿದು ಒಣಗಿಸಿದ ಉರುವಲು ಹೆಂಟೆ ಮನೆಗೆ ಬರುವವರೆಗೆ ಈ ಹಾಡು ಹಾಡಬಾರದು ಎಂದೆ. ನೀನು ಮೂರು ದಿನ ಹೊತ್ತು ತಂದೆ. ಹೆಂಟೆಯ ಬಣವೆ ಒಟ್ಟುವಾಗ ಹೊರಗಿನ ಸಾಲು ಓರೆಯಾಗಿ ಕೂರದಿದ್ದರೆ ಮಳೆ ಒಳಗಿಳಿಯುತ್ತದೆ; ನೀನು ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ನೇರವಾಗಿ ಒಟ್ಟಿದೆ. ಕೆಡವು ಎಂದೆ. ಕೆಡವಿದೆ. ಮತ್ತೆ ಒಟ್ಟಿದೆ. ಮೂರನೆಯ ಸಲ ಒಟ್ಟಿದ್ದನ್ನು ನೋಡಲು ಪಕ್ಕದ ಮನೆಯ ನಾಪ್ಲ ಅಜ್ಜಿ, ಎಂಬತ್ತನಾಲ್ಕರ ಮುದುಕಿ, ಕೋಲೂರಿಕೊಂಡು ಬಂದು ಬಣವೆಯ ಸುತ್ತ ಒಂದು ಸುತ್ತು ಹಾಕಿ, ನನಗಿಂತ ನೀನೇ ವಾಸಿ ಅಂದಳು. ಅಲ್ಲಿಂದ ದೋಣಿಗೆ ಟಾರು ಬಳಿಯಬೇಕು ಎಂದೆ, ಬಳಿದೆ. ಹಸು ಹಾಲು ಕರೆಯದವರಿಗೆ ಹಾಡಿನ ಲಯ ಸಿಗದು ಎಂದೆ, ಅದನ್ನೂ ಕಲಿತೆ. ಎಲ್ಲಾ ಮುಗಿದ ಮೇಲೆ ಕೊನೆಯ ಎರಡು ನುಡಿ ಅಜ್ಜಿಯ ಪುಸ್ತಕದಲ್ಲಿ ಹಳೆಯ ಲಿಪಿಯಲ್ಲಿವೆ, ನಿನಗೆ ಓದಲು ಬರುವುದಿಲ್ಲ, ನನಗೆ ಕಣ್ಣು ಕಾಣುವುದಿಲ್ಲ ಅಂದೆ. ಆ ಪುಸ್ತಕ ಇದೆ, ಸುಳ್ಳಲ್ಲ. ಹಸುಗಳು ಕರು ಹಾಕಿದ ತಾರೀಕು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ.

ಊರಿನವರ ಮುಂದೆ ನಾನು ನಿನ್ನನ್ನು ಹೊಗಳಿದ್ದು ಮಾತ್ರ ನಿಜ. ನನ್ನ ಸೋದರಸೊಸೆ, ನನ್ನ ರಕ್ತ, ಹಟ ನೋಡಿದಿರಾ ಎಂದು ಫೆಸ್ಟಿಯ ಪಬ್ಬಿನಲ್ಲಿ ಎದೆಯುಬ್ಬಿಸಿ ಹೇಳಿದ್ದೇನೆ.

ಅದೇ ಪಬ್ಬಿನಲ್ಲಿ ನಿನ್ನ ಮೊದಲನೆಯ ಭಾನುವಾರ. ಪೂಜೆ ಮುಗಿಸಿ ಎಲ್ಲರೂ ಬಂದು ಕೂತಿದ್ದರು. ಫೆಸ್ಟಿ ಮೆಲೋಡಿಯನ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡಿದ್ದ, ಅವನ ಭಾವ ಪಿಟೀಲಿನ ಕಿವಿ ಹಿಂಡುತ್ತಿದ್ದ. ನೀನು ಬಂದು ಮೇಜಿನ ನಡುವೆ ಟೇಪ್ ರೆಕಾರ್ಡರ್ ಇಟ್ಟು, ನಮ್ಮ ಹಾಡು ಹಿಡಿದುಕೊಳ್ಳಲು ಗುಂಡಿ ಒತ್ತಿದೆ. ಯಾರಿಗೂ ಸಿಟ್ಟಿಲ್ಲ, ಆದರೆ ಯಾರ ಬೆರಳೂ ಏಳಲಿಲ್ಲ. ನಾಪ್ಲ ಅಜ್ಜಿ ತನ್ನ ಶಾಲು ತೆಗೆದು, ಕೋಳಿಗೆ ಬುಟ್ಟಿ ಕವುಚಿದ ಹಾಗೆ ಅದರ ಮೇಲೆ ಹೊದಿಸಿದಳು. ನೀನು ಅವಮಾನ ಪಡಲಿಲ್ಲ, ವಾದಿಸಲೂ ಇಲ್ಲ. ಶಾಲಿನ ಅಡಿಯಿಂದ ಅದನ್ನು ತೆಗೆದು, ಟೇಪನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಕೈ ಕಟ್ಟಿ ಕೂತೆ. ಎರಡು ಗಂಟೆ ಕೇಳಿದೆ. ಮನೆಗೆ ಬರುವ ದಾರಿಯಲ್ಲಿ ಒಂದು ಕುಣಿತದ ಮಟ್ಟನ್ನು ತಪ್ಪಿಲ್ಲದೆ ಗುನುಗಿದೆ. ಆಗ ನನಗೆ ಭಯವಾಯಿತು. ಇವಳಿಗೆ ಕಿವಿ ಇದೆ ಎಂದುಕೊಂಡೆ. ಕಿವಿ ಇರುವವರ ಮುಂದೆ ಬಹಳ ದಿನ ಸುಳ್ಳು ನಡೆಯುವುದಿಲ್ಲ.

ಅದೇ ದಿನ ನಾಪ್ಲ ಅಜ್ಜಿ ಹಾಡಲು ಹೊರಟು, ಪಕ್ಕದಲ್ಲಿದ್ದ ನಿನಗೆ ಬಲಗೈ ಚಾಚಿದ್ದು, ನೀನು ಅದನ್ನು ಕುಲುಕಿ, "ತಮ್ಮ ಪರಿಚಯದಿಂದ ಹರ್ಷವಾಯಿತು" ಅಂದದ್ದು, ಫೆಸ್ಟಿ ನಕ್ಕು ಪೆಟ್ಟಿಗೆಯ ಮೇಲೆ ಬಿದ್ದದ್ದು ಎಲ್ಲ ನಿನಗೆ ನೆನಪಿದೆ. ಹಾಡುವವರ ಕೈಯನ್ನು ಕೇಳುವವರೊಬ್ಬರು ಹಿಡಿದು, ಹಾಡಿನ ಉಸಿರಿಗೆ ತಕ್ಕಂತೆ ಮೆಲ್ಲಗೆ ತಿರುಗಿಸುತ್ತಾ ಇರಬೇಕು. ನೀನು ಒಬ್ಬಳೇ ಅಲ್ಲ, ಹಾಡು ಎಂದು ಹೇಳುವ ರೀತಿ ಅದು. ನಾನು ಎದ್ದು ಬಂದು ಮುದುಕಿಯ ಕೈ ಹಿಡಿದೆ, ತಿರುಗಿಸಿದೆ. ಹಾಡು ಮುಗಿದ ಮೇಲೆ ಅವಳು ನಿನಗೆ ಹೇಳಿದ್ದನ್ನು ನೀನು ಹೊಗಳಿಕೆ ಎಂದುಕೊಂಡೆ. "ಇವನ ಹಾಗೆ ಕೈ ತಿರುಗ್ಸೋರು ಈ ಕಡಲ ದಂಡೇಲೇ ಇಲ್ಲ ಕಣೇ ಮಗಾ. ಹಾಡ್ತಾನೆ ಅಂತಾರೆ, ಹಾಡಿದ್ದು ನಾ ಕಾಣೆ." ನಾನೂ ಹೊಗಳಿಕೆ ಎಂದೇ ತೆಗೆದುಕೊಂಡವನ ಹಾಗೆ ಟೋಪಿ ಎತ್ತಿದೆ.

ಕೊನೆಯ ಭಾನುವಾರ ನೀನು ಬಲೆ ಬೀಸಿದೆ. ಎಲ್ಲರ ಮುಂದೆ ಎದ್ದು ನಿಂತು, ಆಗ ನಿನ್ನ ಮಾತಿನಲ್ಲಿ ಗ್ರಂಥಭಾಷೆಯ ಒಂದು ಎಳೆಯೂ ಇರಲಿಲ್ಲ, "ಇವತ್ತು ನಮ್ ಮಾಮ ದೋಣಿ ಹಾಡು ಹೇಳ್ತಾರೆ, ಗಲಾಟೆ ಮಾಡ್ಬೇಡಿ" ಅಂದೆ. ನಾನು ಎದ್ದೆ. ಗಂಟಲು ಸರಿಪಡಿಸಿಕೊಂಡೆ. ನಮ್ಮಲ್ಲಿ ಹಾಡಿಗೆ ಮೊದಲು ಹೇಳಲೇಬೇಕಾದ ಒಂದು ಮಾತಿದೆಯಲ್ಲ, ಇದು ನನಗೆ ಇಂಥವರಿಂದ ಬಂತು ಎಂದು. ಅದನ್ನು ಹೇಳದೆ ಹಾಡುವುದು ಇನ್ನೊಬ್ಬರ ಮನೆಗೆ ಬಾಗಿಲು ತಟ್ಟದೆ ನುಗ್ಗಿದ ಹಾಗೆ. ಆ ಮಾತು ಬಾಯಿಗೆ ಬಂತು, ಹೆಸರು ಬರಲಿಲ್ಲ. ಆಮೇಲೆ ನಾನು ಪಾದ್ರಿಯ ಟೋಪಿ ತಿಂದ ಮೇಕೆಯ ಹಾಡು ಹೇಳಿದೆ. ಹಾಡು ಎಂದರೆ ಹಾಡಲ್ಲ, ಕೈ ಬಾಯಿ ಕುಣಿಸಿ ಒಪ್ಪಿಸಿದೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಗುರುವಾರ ಬಸ್ ಹತ್ತುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದೆ. "ಅಕ್ಟೋಬರಲ್ಲಿ ಬರ್ತೀನಿ ಮಾಮ. ಆಗ್ಲೂ ಹೇಳ್ಕೊಡ್ದಿದ್ರೆ ಕ್ರಿಸ್‌ಮಸ್ಸಿಗೆ ಬರ್ತೀನಿ. ನಿಮಗೆ ಸಾಕಾಗ್ಬೇಕು, ನನಗೆ ಸಾಕಾಗಲ್ಲ." ಬಸ್ಸು ತಿರುವು ದಾಟುವವರೆಗೂ ನಾನು ಕೈ ಬೀಸುತ್ತಲೇ ಇದ್ದೆ.

ಈಗ ಬರೆಯಲೇಬೇಕಾದದ್ದನ್ನು ಬರೆಯುತ್ತೇನೆ. ಮಸಿ ಚೆಲ್ಲಿದ್ದರೆ ಕ್ಷಮಿಸು, ನಾಯಿ ಮೇಜಿಗೆ ಒರಗಿತು.

ನನಗೆ ಆ ಹಾಡು ಬರುವುದಿಲ್ಲ. ಯಾವತ್ತೂ ಬರುತ್ತಿರಲಿಲ್ಲ. ನನ್ನ ದನಿ ಗೇಟಿನ ತುಕ್ಕು ಹಿಡಿದ ಕೀಲಿನದು, ಹನ್ನೆರಡು ವರ್ಷಕ್ಕೂ ಹಾಗೇ ಇತ್ತು. ಟೇಪಿನಲ್ಲಿ ಹಾಡಿದವಳು ನಿನ್ನ ಅಮ್ಮ. ಆಗ ಅವಳಿಗೆ ಹದಿನೈದು.

ಅದು ಜೂನ್ ತಿಂಗಳು. ಅಪ್ಪ ಅಮ್ಮ ಜೌಗಿನಲ್ಲಿ ಹೆಂಟೆ ಕಡಿಯಲು ಹೋಗಿದ್ದರು, ಅಜ್ಜಿ ತೀರಿಹೋಗಿ ವರ್ಷವಾಗಿತ್ತು, ಮನೆಯಲ್ಲಿ ನಾವಿಬ್ಬರೇ. ಹಾಡು ಸಂಗ್ರಹಿಸುವ ಒಬ್ಬ ಸಭ್ಯ ಮನುಷ್ಯ ವ್ಯಾನಿನಲ್ಲಿ ಬಂದ. ಅಜ್ಜಿಯ ಹಾಡು ಈ ಮನೆಯಲ್ಲಿ ಯಾರಿಗೆ ಬರುತ್ತದೆ ಎಂದು ಕೇಳಿದ. ಬಾರ್ಬ್ರ ಬಾಗಿಲ ಹಿಂದೆ ಅವಿತುಕೊಂಡಳು. ಪರಗಂಡಸಿನ ಮುಖ ನೋಡಿಕೊಂಡು ಹಾಡಲಾರೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಹೋಗಿ ಅವನಿಗೆ, ನೀವು ವ್ಯಾನಿನಲ್ಲೇ ಇರಿ, ತಂತಿ ಮಾತ್ರ ಒಳಗೆ ಬಿಡಿ ಅಂದೆ. ಯಾರು ಹಾಡುತ್ತಾರೆ ಎಂದು ಹೇಳಲಿಲ್ಲ, ಅವನೂ ಕೇಳಲಿಲ್ಲ. ಯಂತ್ರ, ಬ್ಯಾಟರಿ, ಅವನು, ಎಲ್ಲ ಹೊರಗೆ. ಕಿಟಕಿಯಿಂದ ಒಂದು ತಂತಿ, ಅದರ ತುದಿಯಲ್ಲಿ ಮೈಕು, ಅಷ್ಟೇ ಒಳಗೆ. ಕೋಳಿಗಳನ್ನು ಓಡಿಸಿದೆವು. ಬಾರ್ಬ್ರ ಗೋಡೆಗೆ ಮುಖ ಮಾಡಿ ಕೂತು ಬಲಗೈಯನ್ನು ಹಿಂದಕ್ಕೆ ನನ್ನ ಕಡೆ ಚಾಚಿದಳು. ನಾನು ಹಿಡಿದುಕೊಂಡೆ.

ಹೇಗೆ ಹಾಡಿದಳು ಎನ್ನುವುದನ್ನು ನಾನು ಬರೆಯುವುದಿಲ್ಲ, ನಿನ್ನ ಹತ್ತಿರ ಟೇಪಿದೆ.

ಐದನೆಯ ಹಲಗೆ ಮುಗಿಯುತ್ತಿದ್ದಂತೆ ಹೊರಗೆ ಅವನು ಏನೋ ಗೊಣಗಿದ್ದು ಕೇಳಿಸಿತು. ಬ್ಯಾಟರಿ ಸತ್ತಿತ್ತು. ನನಗೆ ಹನ್ನೆರಡು ವರ್ಷ ಮಗಳೇ, ನಾನು ಅಂಥ ಯಂತ್ರವನ್ನು ಜನ್ಮದಲ್ಲಿ ನೋಡಿರಲಿಲ್ಲ. ಕೈ ಬಿಟ್ಟು ಓಡಿದೆ. ಅವನು ನನ್ನನ್ನು ನೋಡಿ, "ನೀನೇನಪ್ಪಾ ಹಾಡಿದ್ದು?" ಅಂದ. ನಾನು ಹೌದೆಂದು ತಲೆಯಾಡಿಸಿದೆ. ಯಾಕೆ ಎಂದು ಮೂವತ್ತೊಂಬತ್ತು ವರ್ಷದಿಂದ ಕೇಳಿಕೊಂಡಿದ್ದೇನೆ. ತಮಾಷೆಗೆ ಎಂದು ಬಹಳ ದಿನ ಹೇಳಿಕೊಂಡೆ. ಅವನು ತನ್ನ ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ನನ್ನ ತಲೆಗೆ ಹಾಕಿದ. ಅದರೊಳಗೆ ಸದ್ದೇ ಇರಲಿಲ್ಲ, ಆದರೂ ಕಿರೀಟ ಇಟ್ಟಂತಾಯಿತು. ಹೆಸರು ಕೇಳಿದ, ಹೇಳಿದೆ. ವಯಸ್ಸು ಕೇಳಿದ, ಹೇಳಿದೆ. ಹಾಡು ಯಾರಿಂದ ಬಂತು ಎಂದು ಕೇಳಿದ. ಅಜ್ಜಿಯಿಂದ ಅಂದೆ. ಉಳಿದ ನುಡಿಗಳಿಗೆ ಮುಂದಿನ ವರ್ಷ ಬರುತ್ತೇನೆ ಎಂದು ಹೊರಟುಹೋದ. ಬರಲಿಲ್ಲ.

ನಾನು ಒಳಗೆ ಬಂದಾಗ ಬಾರ್ಬ್ರ ಏಳನೆಯ ಹಲಗೆಯ ಕೊನೆಯ ಮಾತಿನಲ್ಲಿದ್ದಳು. ಯಂತ್ರ ನಿಂತದ್ದು ಅವಳಿಗೆ ಗೊತ್ತಿರಲಿಲ್ಲ. ನಾನು ಹೋದದ್ದು ಗೊತ್ತಿತ್ತು. ಅವಳ ಬಲಗೈ ಇನ್ನೂ ಹಿಂದಕ್ಕೆ ಚಾಚಿಕೊಂಡೇ ಇತ್ತು, ಬರೀ ಗಾಳಿಯಲ್ಲಿ.

ಆ ಚಳಿಗಾಲದಲ್ಲಿ ಒಂದು ಭಾನುವಾರ ಮಧ್ಯಾಹ್ನ ರೇಡಿಯೊದಲ್ಲಿ ಹಾಡು ಬರುತ್ತದೆಂದು ಮೇಷ್ಟರ ಮನೆಗೆ ಊರೇ ಹೋಯಿತು. ಬಾರ್ಬ್ರ ನೀಲಿ ರಿಬ್ಬನ್ ಕಟ್ಟಿಕೊಂಡಿದ್ದಳು. ನನ್ನ ಹೆಸರು ಹೇಳಿದರು. ಹೊಗಳುವುದೆಂದರೆ ಗೊತ್ತೇ ಇರದ ನಮ್ಮ ಅಪ್ಪ ತನ್ನ ಟೋಪಿ ತೆಗೆದು ನನ್ನ ತಲೆಯ ಮೇಲಿಟ್ಟರು. ಅದು ಕಿವಿಯವರೆಗೆ ಇಳಿಯಿತು. ಆಗಲೂ ಹೇಳಬಹುದಾಗಿತ್ತು. ಆ ಟೋಪಿಯನ್ನು ತೆಗೆದುಕೊಡಲು ನನ್ನಿಂದ ಆಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಬಾರ್ಬ್ರ ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಜಗಳವಾಡಲಿಲ್ಲ. ಮತ್ತೆ ಹಾಡಲಿಲ್ಲ, ಅಷ್ಟೇ. ಹದಿನೆಂಟಕ್ಕೆ ಡಬ್ಲಿನ್ನಿಗೆ ಹೋದಳು. ಈಗ ಕ್ರಿಸ್‌ಮಸ್ಸಿಗೊಂದು ಕಾರ್ಡು ಬರುತ್ತದೆ, ಇಂಗ್ಲಿಷಿನಲ್ಲಿ. ನಾನೋ, ದನಿ ಒಡೆಯಿತು, ಹಾಡು ಹೋಯಿತು ಎಂದು ಜನರಿಗೆ ಹೇಳಿ, ಹಾಡದ ಹಾಡಿನ ಮೇಲೆ ಕೂತು ಇಷ್ಟು ವರ್ಷ ಮೀಸೆ ತಿರುವಿದೆ. ನಿನಗೆ ನಮ್ಮ ಭಾಷೆ ತೊಟ್ಟಿಲಲ್ಲೇ ಸಿಗದೆ ಹೋದದ್ದರಲ್ಲಿ, ದುಡಿದ ಕಾಸು ಕೊಟ್ಟು ಸಂಜೆ ಪಾಠದಲ್ಲಿ ಕಲಿಯಬೇಕಾದದ್ದರಲ್ಲಿ, ನನ್ನ ಪಾಲು ಎಷ್ಟೆಂದು ನನಗೆ ಗೊತ್ತಿಲ್ಲ. ಇದೆ ಎನ್ನುವುದು ಗೊತ್ತು.

ಇವತ್ತು ಪೂಜೆ ಮುಗಿದ ಮೇಲೆ ಫೆಸ್ಟಿಯ ಪಬ್ಬಿನಲ್ಲಿ ಎದ್ದು ನಿಂತೆ. ಹೊಸ ಕನ್ನಡಕದಲ್ಲಿ ಎಲ್ಲರ ಮುಖ ಮೂಗಿನ ತುದಿಯವರೆಗೆ ಕಾಣುತ್ತಿತ್ತು, ಅದೊಂದು ಕಷ್ಟ. ಆ ಟೇಪಿನಲ್ಲಿರುವುದು ನನ್ನ ದನಿ ಅಲ್ಲ, ನನ್ನ ಅಕ್ಕನದು, ಹೆಸರು ಕದ್ದವನು ನಾನು ಎಂದೆ. ಕುರ್ಚಿ ಬೀಳುತ್ತವೆ, ಯಾರಾದರೂ ಉಗಿಯುತ್ತಾರೆ ಎಂದುಕೊಂಡಿದ್ದೆ. ಫೆಸ್ಟಿ ಗ್ಲಾಸು ಒರೆಸುತ್ತಲೇ ಇದ್ದ. ನಾಪ್ಲ ಅಜ್ಜಿ ಮಾತ್ರ ತಲೆ ಎತ್ತಿದಳು. "ಅಷ್ಟು ಹೇಳೋಕೆ ಮೂವತ್ತೊಂಬತ್ತು ವರ್ಷ ಬೇಕಾಯ್ತೇನೋ ನಿಂಗೆ? ನಿಮ್ಮವ್ವಂಗೂ ಗೊತ್ತಿತ್ತು. ನೀನೇ ಹೇಳ್ಲಿ ಅಂತ ಕಾದ್ಲು, ಪಾಪ, ಕಾದೂ ಕಾದೂ ಹೋದ್ಲು. ಕೂತ್ಕೋ." ಫೆಸ್ಟಿಗೂ ಗೊತ್ತಿತ್ತಂತೆ, ಅವನ ಅಪ್ಪ ಹೇಳಿದ್ದನಂತೆ. ಊರಿಗೆಲ್ಲ ಗೊತ್ತಿತ್ತು. ನನ್ನ ಜೀವಮಾನದ ಒಂದೇ ಒಂದು ದೊಡ್ಡ ಗುಟ್ಟು, ಅದನ್ನೂ ಎಲ್ಲರೂ ನನಗಾಗಿ ಬಚ್ಚಿಟ್ಟಿದ್ದರು. ಇದಕ್ಕಿಂತ ಅವಮಾನ ನಿನ್ನ ಮಾವನಿಗೆ ಇನ್ನಾಗಬೇಕಾಗಿಲ್ಲ. ಇದಕ್ಕಿಂತ ಹಗುರವಾಗಿ ನಾನು ಆ ಬಾಗಿಲಿನಿಂದ ಹೊರಗೆ ನಡೆದದ್ದೂ ಇಲ್ಲ.

ಈಗ ನಾನು ನಿರ್ಧಾರ ಮಾಡಿದ್ದೇನೆ. ಬರುವ ಶುಕ್ರವಾರದ ಬಸ್ಸಿಗೆ ಡಬ್ಲಿನ್ನಿಗೆ ಬರುತ್ತೇನೆ. ಹಸುವನ್ನು ಫೆಸ್ಟಿ ನೋಡಿಕೊಳ್ಳುತ್ತಾನೆ. ಆ ಟೇಪು ಇಟ್ಟಿರುವ ಕಡೆಗೆ ನೀನು ನನ್ನನ್ನು ಕರೆದುಕೊಂಡು ಹೋಗಬೇಕು. ಅಲ್ಲಿ ಕೂತವರ ಮುಂದೆ ನನ್ನ ಹೆಸರು ಹೊಡೆದು ಅವಳ ಹೆಸರು ಬರೆಸುತ್ತೇನೆ. ಸಹಿ ಬೇಕಾದರೆ ಹಾಕುತ್ತೇನೆ, ಪ್ರಮಾಣ ಬೇಕಾದರೆ ಮಾಡುತ್ತೇನೆ, ಆಗುವುದಿಲ್ಲ ಎಂದರೆ ಆಗುವವರೆಗೆ ಅವರ ಮೆಟ್ಟಿಲ ಮೇಲೆ ಕೂರುತ್ತೇನೆ. ಅರ್ಧ ಗಂಟೆ ಬಾಯಾರಿ ಕೂತು ಗೆಲ್ಲುವುದನ್ನು ಸೇವಿಸುವೆನಮ್ಮನಿಂದ ಕಲಿತಿದ್ದೇನೆ.

ಆದರೆ ಅದು ನನ್ನ ಕೆಲಸ. ನಿನ್ನದು ಬೇರೆ, ಅದು ಶುಕ್ರವಾರಕ್ಕೆ ಮೊದಲೇ ಆಗಬೇಕು.

ಕೊನೆಯ ಎರಡು ಹಲಗೆ ಇರುವುದು ಇಡೀ ಲೋಕದಲ್ಲಿ ನಿನ್ನ ಅಡುಗೆಮನೆಯಲ್ಲಿ ಮಾತ್ರ. ಅಮ್ಮನನ್ನು ಹಾಡು ಎಂದು ಕೇಳಬೇಡ. ಟೇಪ್ ರೆಕಾರ್ಡರನ್ನು ಹತ್ತಿರಕ್ಕೂ ತರಬೇಡ. ಈ ಕಾಗದವನ್ನು ತೆಗೆದುಕೊಂಡು ಹೋಗಿ, ಅರ್ಥವಾಗದ ಮಾತುಗಳನ್ನು ಕೇಳು. ನಿನಗೆ ಗೊತ್ತಿಲ್ಲದ ಮಾತುಗಳನ್ನು ನಾನು ಬೇಕೆಂದೇ ಅಲ್ಲಲ್ಲಿ ಹಾಕಿದ್ದೇನೆ, ನಿಘಂಟು ಮುಟ್ಟಬೇಡ. ಹೀಗೆ ಒಂದೊಂದು ಮಾತು ಕೇಳುತ್ತಾ ಹೋದರೆ ಅವಳು ಪೂರ್ತಿ ಓದಲೇಬೇಕಾಗುತ್ತದೆ. ಓದಿ ಕೆಟ್ಲಿಯ ಕಡೆ ಹೋದರೆ ಹೋಗಲಿ ಬಿಡು. ಅವಳು ಗೋಡೆಗೆ ಮುಖ ಮಾಡಿ ನಿಂತಾಗ, ಎಷ್ಟು ದಿನ ಕಾಯಬೇಕಾದರೂ ಕಾದು, ಅವಳ ಬಲಗಡೆ ಹೋಗಿ ಬಲಗೈ ಹಿಡಿ. ಕುಲುಕಬೇಡ. ಹಿಂಡಬೇಡ. ಹಾಲು ತುಂಬಿದ ಪಾತ್ರೆ ಹಿಡಿದ ಹಾಗೆ ಹಿಡಿದು, ಬೀಸುಕಲ್ಲು ತಿರುಗುವಷ್ಟು ನಿಧಾನಕ್ಕೆ ತಿರುಗಿಸು. ಅವಳು ಉಸಿರು ತೆಗೆದುಕೊಂಡಾಗ ನಿಲ್ಲು. ನುಡಿ ಮುಗಿದಾಗ "ದೇವರು ನಿನ್ನ ಜೊತೆ" ಅನ್ನು. ನಮ್ಮ ಭಾಷೆಯಲ್ಲಿ, ಸಣ್ಣ ದನಿಯಲ್ಲಿ. ಅಂಚೆಯವನು ಬಾಗಿಲು ತಟ್ಟಲಿ, ಹಾಲು ಉಕ್ಕಲಿ, ಐದನೆಯ ಹಲಗೆಯ ಹತ್ತಿರ ಏನೇ ಆಗಲಿ, ಕೈ ಬಿಡಬೇಡ. ನಾನು ಬಿಟ್ಟೆ.

ಇಂತು, ನಿನ್ನ ಬಣವೆಯ ನೆರಳಿನಲ್ಲಿ ಬೆಚ್ಚಗೆ ಕೂತಿರುವ,

ಸೋದರಮಾವ
ಬಾರ್ಟ್ಲಿ

ಇದೊಂದನ್ನು ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನೀನು ಹದಿನೇಳು ಸಲ ತಿರುಗಿಸಿ ಕೇಳಿದೆಯಲ್ಲ, ಮೂರನೆಯ ನುಡಿಯ ಕೊನೆಯಲ್ಲಿ "ದೇವರು ನಿನ್ನ ಜೊತೆ" ಎನ್ನುವ ಆ ದನಿ, ಅದು ನಿನ್ನ ಅಮ್ಮನದಲ್ಲ, ನನ್ನದು. ಆ ಟೇಪಿನಲ್ಲಿ ನನ್ನದೆಂದು ಇರುವುದು ಅದೊಂದೇ. ಉಳಿದ ಅಷ್ಟೂ ಅಮ್ಮ. ಇವತ್ತು ಮತ್ತೆ ಮೊದಲಿನಿಂದ ಕೇಳು.